ಮಾವನ ಮೂಗು

ನಮ್ಮ ಮನೆಯಲ್ಲಿ ಮೂಗು ಅಂತ ಇದ್ದದ್ದು ಒಬ್ಬರಿಗೇ. ಉಳಿದವರಿಗೆ ಅದು ಕನ್ನಡಕ ಕೂರಿಸುವ ಜಾಗ, ಅಷ್ಟೆ. ಹಾಗಂತ ಮಾವನೇ ಹೇಳುತ್ತಿದ್ದರು, ನಾವೂ ನಗುತ್ತ ಒಪ್ಪಿಕೊಂಡಿದ್ದೆವು. ಮೀನು ಮಾರುಕಟ್ಟೆಯಲ್ಲಿ ಅವರು ಆಕ್ಟೋಪಸ್ಸನ್ನು ತಲೆ ಹಿಡಿದು ಮೇಲೆತ್ತಿ, ಒಂದು ಸಲ ಮೂಸಿ, ಮಾತಿಲ್ಲದೆ ವಾಪಸ್ಸು ಐಸಿನ ಮೇಲಿಟ್ಟರು ಅಂದರೆ ಅವರ ಹಿಂದೆ ನಿಂತ ಗಿರಾಕಿಗಳೂ ಅದನ್ನು ಮುಟ್ಟುತ್ತಿರಲಿಲ್ಲ.

ಕೆಳಗೆ ಅಂಗಡಿ, ಮೇಲೆ ಮನೆ. ಅಂಗಡಿಯಲ್ಲಿ ಆರು ಮೇಜು, ಬಾಗಿಲ ಪಕ್ಕದಲ್ಲಿ ಇದ್ದಿಲಿನ ಗ್ರಿಲ್, ಬೋರ್ಡಿನ ಮೇಲೆ ಎರಡೇ ತಿಂಡಿ: ಸುಟ್ಟ ಆಕ್ಟೋಪಸ್, ಪೋರ್ಚುಗೀಸ್ ಚಿಕನ್. ಮಾವ ಚಿಕ್ಕ ವಯಸ್ಸಿನಲ್ಲಿ ಸರಕು ಹಡಗಿನ ಅಡುಗೆಮನೆಯಲ್ಲಿ ಒಂಬತ್ತು ವರ್ಷ ಇದ್ದವರು. ಅಲ್ಲಿಯ ದೊಡ್ಡ ಅಡುಗೆಯವನು ಪೋರ್ಚುಗಲ್ಲಿನವನು. ಎರಡೂ ಅವನು ಕಲಿಸಿದ್ದು. ಮೂರನೆಯದನ್ನು ಕಲಿಯುವ ಮೊದಲೇ ಮಾವ ಮದುವೆಯಾಗಿ ದಡಕ್ಕೆ ಬಂದರು. ಅದಕ್ಕೇ ನಮ್ಮಲ್ಲಿ ಮೂರನೆಯದು ಸಿಗುವುದಿಲ್ಲ ಅಂತ ಅವರು ಹೇಳುವಾಗ ಅತ್ತೆಯ ಮುಖ ನೋಡುತ್ತಿದ್ದರು.

ನಾನು ಈ ಮನೆಗೆ ಹೊಸದಾಗಿ ಬಂದಾಗ ಒಂದು ಪೆದ್ದು ಪ್ರಶ್ನೆ ಕೇಳಿದ್ದೆ. ಮಾರುಕಟ್ಟೆಗೆ ಹೋಗಿ ಎರಡು ಕೋಳಿ ತಾ ಅಂತ ಕಳಿಸಿದರು. ಪೋರ್ಚುಗೀಸ್ ಕೋಳಿ ಮಾರುವ ಅಂಗಡಿ ಯಾವುದು ಅಂತ ನಾನು ಕೇಳಿದೆ. ಅದು ನಾಟಿ ಕೋಳಿಯ ಹಾಗೆ ಒಂದು ಜಾತಿ ಅಂದುಕೊಂಡಿದ್ದೆ. ಮಾವ ಹೊಟ್ಟೆ ಹಿಡಿದುಕೊಂಡು ನಕ್ಕರು, ನಾನೂ ನಕ್ಕೆ. ಆಮೇಲೆ ಹನ್ನೊಂದು ವರ್ಷ ಅವರು ಅದನ್ನು ಬಂದ ಬಂದ ಗಿರಾಕಿಗಳಿಗೆಲ್ಲ ಹೇಳಿದರು. "ನಮ್ಮ ಹುಡುಗಿ ಪಾಸ್‌ಪೋರ್ಟ್ ಇರೋ ಕೋಳಿನೇ ತರೋದು" ಅನ್ನುತ್ತಿದ್ದರು. ಮೊದಲ ವರ್ಷ ನಗು ಬರುತ್ತಿತ್ತು. ಹನ್ನೊಂದನೆಯ ವರ್ಷ ನಗುವುದಕ್ಕೆ ದವಡೆ ನೋಯುತ್ತಿತ್ತು.

ಆದರೆ ಅವರ ಕೈ ಅಂಥದ್ದು, ಅದನ್ನು ಹೇಳಲೇಬೇಕು. ಕುದಿಯುವ ನೀರಿನಲ್ಲಿ ಆಕ್ಟೋಪಸ್ಸನ್ನು ಮೂರು ಸಲ ಅದ್ದಿ ಅದ್ದಿ ತೆಗೆಯುತ್ತಿದ್ದರು. ಅದ್ದಿದ ಹಾಗೆಲ್ಲ ಕಾಲುಗಳು ಒಳಕ್ಕೆ ಸುರುಳಿ ಸುತ್ತಿಕೊಳ್ಳುತ್ತಿದ್ದವು. ನಾಲ್ಕನೆಯ ಸಲ ಪೂರ್ತಿ ಬಿಟ್ಟು, ಸಣ್ಣ ಉರಿಯಲ್ಲಿ ಬೇಯಿಸಿ, ಆ ನೀರಿನಲ್ಲೇ ಆರಲು ಬಿಡುತ್ತಿದ್ದರು. ಆಮೇಲೆ ಕೆಂಡದ ಮೇಲೆ ಎರಡೆರಡು ನಿಮಿಷ, ಆಲಿವ್ ಎಣ್ಣೆ, ನಿಂಬೆರಸ, ಕಲ್ಲುಪ್ಪು. ಕಾಲಿನ ತುದಿ ಕುರುಕುರು ಅನ್ನಬೇಕು, ಬುಡ ಬೆಣ್ಣೆಯಾಗಿರಬೇಕು. ಅಂಗಡಿಗೆ ರಜೆಯಿದ್ದ ಸೋಮವಾರ ಮಧ್ಯಾಹ್ನ ನಾವು ಐದೂ ಜನ ಮೇಲೆ ಕೂತು ಅದನ್ನೇ ತಿನ್ನುತ್ತಿದ್ದೆವು, ಬೇಯಿಸಿದ ಆಲೂಗಡ್ಡೆ, ಬ್ರೆಡ್ಡಿನ ಜೊತೆ. ಎಂಟು ವರ್ಷದ ನನ್ನ ಮಗಳು ಕಾಲಿನ ಮೇಲಿನ ಗುಂಡಿಗಳನ್ನು ಒಂದೊಂದೇ ಬಿಡಿಸಿ ತಿನ್ನುತ್ತಿದ್ದಳು. ಐದು ಜನಕ್ಕೆ ಎಂಟು ಕಾಲು ಹಂಚುವ ಲೆಕ್ಕದಲ್ಲಿ ಪ್ರತಿ ಸೋಮವಾರ ಜಗಳ. ಮಿಕ್ಕ ಮೂರು ಕಾಲಿನಲ್ಲಿ ಎರಡು ಅವಳ ತಟ್ಟೆಗೇ ಹೋಗುತ್ತಿದ್ದವು. ತಾತನ ನ್ಯಾಯ.

ಚಿಕನ್ನಿನ ಮಸಾಲೆಗೆ ಅವರ ಹತ್ತಿರ ಅಳತೆ ಇರಲಿಲ್ಲ. ಬೆನ್ನು ಸೀಳಿ ಪುಸ್ತಕದ ಹಾಗೆ ಬಿಡಿಸಿ ಚಪ್ಪಟೆ ಮಾಡಿದ ಕೋಳಿಗಳು ಒಂದು ಕಡೆ. ಕೆಂಪು ಮೆಣಸಿನಕಾಯಿ, ಬೆಳ್ಳುಳ್ಳಿ, ಎಣ್ಣೆ, ವಿನೆಗರ್ ಬೆರೆಸಿದ ದೊಡ್ಡ ಬೋಗುಣಿ ಇನ್ನೊಂದು ಕಡೆ. ಬೋಗುಣಿಯ ಮೇಲೆ ಬಗ್ಗಿ ಮೂಸುತ್ತಿದ್ದರು, ಇನ್ನೊಂದಿಷ್ಟು ಹಾಕುತ್ತಿದ್ದರು, ಮತ್ತೆ ಮೂಸುತ್ತಿದ್ದರು. ನಾಲಿಗೆಗೆ ಹಚ್ಚಿ ನೋಡುವುದು ಅವರ ಪ್ರಕಾರ ಕಳ್ಳ ಅಡುಗೆಯವರ ಕೆಲಸ.

ಚಳಿಗಾಲದಲ್ಲಿ ಅವರಿಗೆ ಜ್ವರ ಬಂತು. ಒಂದು ವಾರ ಮಲಗಿದರು, ಎದ್ದರು, ಕೆಳಗೆ ಬಂದರು. ಸ್ವಲ್ಪ ಸೊರಗಿದ್ದರು ಅನ್ನುವುದು ಬಿಟ್ಟರೆ ಎಲ್ಲ ಮೊದಲಿನ ಹಾಗೇ ಇತ್ತು. ಆ ವಾರದಲ್ಲೇ ಒಂದು ಬೆಳಿಗ್ಗೆ ನಾನು ಮಹಡಿ ಮೇಲೆ ಬಟ್ಟೆ ಒಣಹಾಕಿ ಇಳಿದರೆ ಹಾಲು ಹೊತ್ತಿ ತಳ ಕರಕಲಾಗಿದೆ. ಒಲೆಗೆ ಬೆನ್ನು ಮಾಡಿ, ಮೂರು ಮಾರು ದೂರದಲ್ಲಿ ಮಾವ ಪೇಪರ್ ಓದುತ್ತ ಕೂತಿದ್ದಾರೆ. "ಹಾಲು" ಅಂದೆ. "ಏನು ಹಾಲಿಗೆ?" ಅಂದರು. ಅಷ್ಟರಲ್ಲಿ ಅತ್ತೆ ಬಂದು, ಇಟ್ಟವಳು ತಾನೇ, ಮರೆತೆ ಅಂತ ತಪ್ಪು ಮೈಮೇಲೆ ಹಾಕಿಕೊಂಡು ಪಾತ್ರೆ ಉಜ್ಜಲು ಕೂತರು. ನಾನು ಅದನ್ನು ಅಲ್ಲಿಗೇ ಬಿಟ್ಟೆ.

ಗುರುವಾರ ಪೋಸ್ಟ್‌ಮಾಸ್ಟರ್ ಬಂದರು. ಕೆಲಸದಿಂದ ನಿವೃತ್ತರಾದ ಮೇಲೆ ಪ್ರತಿ ಗುರುವಾರ ಮಧ್ಯಾಹ್ನ ಒಬ್ಬರೇ ಬಂದು ಅರ್ಧ ಕೋಳಿ ತಿಂದು ಮೂಳೆಗಳನ್ನು ಸಾಲಾಗಿ ಜೋಡಿಸಿಟ್ಟು ಹೋಗುವ ಮನುಷ್ಯ. ಅವತ್ತು ತಟ್ಟೆಯಲ್ಲಿ ಮೂಳೆಗಿಂತ ಮಾಂಸವೇ ಜಾಸ್ತಿ ಉಳಿದಿತ್ತು. ನಾನು ಬೋಗುಣಿಗೆ ಬೆರಳದ್ದಿ ನೆಕ್ಕಿದೆ. ಹಲ್ಲು ಜುಮ್ಮೆಂದಿತು. ವಿನೆಗರ್ ಎರಡರಷ್ಟು ಬಿದ್ದಿತ್ತು. ಆಗ ನನಗೆ ಹಾಲಿನದೂ ಅರ್ಥವಾಯಿತು.

ಅವತ್ತಿನಿಂದ ಮಾವ ಬೆಳಿಗ್ಗೆ ಮಾರುಕಟ್ಟೆಗೆ ಹೋದ ತಕ್ಷಣ ನಾನು ಬೋಗುಣಿ ಮುಂದೆ ನಿಲ್ಲುತ್ತಿದ್ದೆ. ಅರ್ಧ ಚೆಲ್ಲಿ, ಎಣ್ಣೆ ಸೇರಿಸಿ, ಬೆಳ್ಳುಳ್ಳಿ ಜಜ್ಜಿ, ರುಚಿ ನೋಡಿ ನೋಡಿ ಸರಿಮಾಡಿ, ಕೋಳಿಗಳಿಗೆ ಮತ್ತೆ ಬಳಿದು, ಕೈ ತೊಳೆದುಕೊಂಡು ಏನೂ ಗೊತ್ತಿಲ್ಲದವಳ ಹಾಗೆ ಕೌಂಟರಿನಲ್ಲಿ ಕೂರುತ್ತಿದ್ದೆ. ಮೂರು ವಾರ ಹೀಗೆ ನಡೆಯಿತು. ಯಾರಿಗೂ ಹೇಳಲಿಲ್ಲ. ಒಳ್ಳೆಯ ಸೊಸೆ ಅಂತ ಒಳಗೊಳಗೇ ಬೀಗುತ್ತಿದ್ದೆ ಅನ್ನುವುದನ್ನೂ ಬರೆಯಬೇಕು. ಮೂರನೆಯ ಗುರುವಾರ ಪೋಸ್ಟ್‌ಮಾಸ್ಟರ್ ಮೂಳೆಗಳನ್ನು ಸಾಲಾಗಿಟ್ಟು, ಇಷ್ಟು ವರ್ಷದಲ್ಲಿ ಇಂಥ ಚಿಕನ್ ತಿಂದಿರಲಿಲ್ಲ ಅಂದರು. ಮಾವ ಗ್ರಿಲ್ಲಿನ ಮುಂದೆ ನಿಂತೇ ನನ್ನ ಕಡೆ ತಿರುಗಿದರು.

"ಕೇಳಿದ್ಯಾ ಹುಡುಗಿ? ಇನ್ನೂ ಮೂವತ್ತು ವರ್ಷ ಪಕ್ಕದಲ್ಲಿ ನಿಂತರೂ ನಿನಗೆ ಈ ಕೈ ಬರಲ್ಲ" ಅಂದರು. ಆಮೇಲೆ ಪಾಸ್‌ಪೋರ್ಟಿನ ಕೋಳಿಯ ಕಥೆ.

ನಾನು ನಕ್ಕೆ. ರಾತ್ರಿ ಊಟದ ಹೊತ್ತಿಗೆ ಇವರ ಹತ್ತಿರ ಹೇಳಿಬಿಡೋಣ ಅಂದುಕೊಂಡೆ. ಇವರು ನೀರು ಸರಬರಾಜು ಕಚೇರಿಯಲ್ಲಿ ಮೀಟರ್ ಓದುವವರು, ದಿನಕ್ಕೆ ಇನ್ನೂರು ಮನೆಯ ಮೆಟ್ಟಿಲು ಹತ್ತಿ ಇಳಿದು ಬಂದಿರುತ್ತಾರೆ. ಅಪ್ಪನ ಮಸಾಲೆ ಈಚೆಗೆ ಯಾಕೋ ಹದ ತಪ್ಪುತ್ತಿದೆಯಲ್ಲ ಅಂತ ಶುರುಮಾಡಿದೆ. ಇವರು ತಟ್ಟೆಯಿಂದ ತಲೆ ಎತ್ತಲಿಲ್ಲ. ಅಪ್ಪನ ಅಡುಗೆಗೆ ಮೂಗು ಮುರಿಯುವಷ್ಟು ದೊಡ್ಡವಳಾದೆಯಾ ಅಂದರು. ಅಲ್ಲಿಗೆ ಮಾತು ಮುಗಿಯಿತು.

ಮುಂದಿನ ತಿಂಗಳು ಪೋಸ್ಟ್‌ಮಾಸ್ಟರಿಗೆ ಎಪ್ಪತ್ತು ತುಂಬುವುದಿತ್ತು. ಹದಿನೆಂಟು ಜನಕ್ಕೆ ಊಟ, ಅಂಗಡಿ ಪೂರ್ತಿ ಅವರಿಗೇ. ಚಿಕನ್ ಹೇಗೂ ಇರುತ್ತದೆ, ಆಕ್ಟೋಪಸ್ ಮಾತ್ರ ಪ್ರತಿ ತಟ್ಟೆಗೂ ಒಂದು ಕಾಲು ಬರಲೇಬೇಕು ಅಂತ ಅವರ ಅಪೇಕ್ಷೆ. ಮಾವ ಒಂದು ವಾರ ಅದೇ ಗುಂಗಿನಲ್ಲಿದ್ದರು. ಆ ದಿನ ಬೆಳಿಗ್ಗೆ ಎಲ್ಲರಿಗಿಂತ ಮೊದಲೆದ್ದು ಮಾರುಕಟ್ಟೆಗೆ ಹೋಗಿ ಮೂರು ದೊಡ್ಡ ಆಕ್ಟೋಪಸ್ ತಂದರು. ಇವರು ರಜೆ ಹಾಕಿ ಮೇಜು ಜೋಡಿಸುತ್ತಿದ್ದರು. ಅತ್ತೆ ಆಲೂಗಡ್ಡೆ ಸುಲಿಯುತ್ತಿದ್ದರು. ಪೋಸ್ಟ್‌ಮಾಸ್ಟರ್ ತಡೆಯಲಾಗದೆ ತಮ್ಮ ಇಬ್ಬರು ತಂಗಿಯರ ಜೊತೆ ಒಂದು ಗಂಟೆ ಮೊದಲೇ ಬಂದು ಕೂತಿದ್ದರು.

ಮಾವ ಚೀಲ ಬಿಚ್ಚಿ ಆಕ್ಟೋಪಸ್ಸುಗಳನ್ನು ಮೇಜಿನ ಮೇಲಿನ ತೊಟ್ಟಿಗೆ ಹಾಕಿದರು. ಒದ್ದೆ ಬಟ್ಟೆ ಮುದ್ದೆಮಾಡಿ ನಾಲ್ಕು ದಿನ ಮರೆತ ಬಕೆಟ್ಟಿನಿಂದ ಬರುವಂಥ ವಾಸನೆ ಒಂದು ಸಲ ಅಡುಗೆಮನೆ ತುಂಬ ಎದ್ದಿತು. ಅತ್ತೆಯ ಕೈಯಲ್ಲಿದ್ದ ಚಾಕು ನಿಂತಿತು, ಮತ್ತೆ ಆಲೂಗಡ್ಡೆ ಸುಲಿಯತೊಡಗಿತು.

ಇದು ಕೆಟ್ಟಿದೆ ಮಾವ ಅಂದೆ. ಅವರು ಒಂದನ್ನು ಎತ್ತಿ, ಎಂದಿನ ಹಾಗೆ ಕಣ್ಣು ಮುಚ್ಚಿ ಮೂಸಿ, "ಸಮುದ್ರದ ವಾಸನೆ. ಈಗಷ್ಟೇ ಹಿಡಿದಿದ್ದು" ಅಂದರು. ಇಲ್ಲ, ಕೆಟ್ಟಿದೆ ಅಂದೆ. ಬಾಗಿಲಲ್ಲಿ ಪೋಸ್ಟ್‌ಮಾಸ್ಟರ್, ಅವರ ತಂಗಿಯರು ಬಂದು ನಿಂತರು. ಮಾವ ಅವರ ಕಡೆ ನೋಡಿ, ನಮ್ಮ ಹುಡುಗಿಗೆ ಪಾಸ್‌ಪೋರ್ಟ್ ನೋಡದೆ ನಂಬಿಕೆ ಬರುವುದಿಲ್ಲ ಅಂದರು. ಅವರೆಲ್ಲ ನಕ್ಕರು. ಇವರು ನನ್ನ ಹತ್ತಿರ ಬಂದು ತಗ್ಗಿದ ದನಿಯಲ್ಲಿ, ಅಪ್ಪ ಹೇಳಿದ ಮೇಲೆ ಮುಗೀತಲ್ಲ, ಎಲ್ಲರ ಮುಂದೆ ಯಾಕೆ ಅಂದರು.

ಎಲ್ಲರ ಮುಂದೆಯೇ ಆಗಲಿ ಅನ್ನಿಸಿತು ನನಗೆ. ಒಳಗೆ ಹೋಗಿ ಎರಡು ಲೋಟ ತಂದೆ. ಒಂದರಲ್ಲಿ ಕಾಫಿಪುಡಿ ಹಾಕಿದ್ದೆ, ಇನ್ನೊಂದರಲ್ಲಿ ಇದ್ದಿಲು ಚೀಲದ ತಳದ ಪುಡಿ. ಎರಡರ ಬಾಯಿಗೂ ತೆಳುವಾದ ಬಟ್ಟೆ ಕಟ್ಟಿದ್ದೆ. ಗಂಟು ನೀಟಾಗಿ ಬಿದ್ದಿತ್ತು.

"ಮಾವ, ಇದರಲ್ಲಿ ಕಾಫಿ ಯಾವುದು ಹೇಳಿ. ಹೇಳಿದರೆ ನಾನೇ ಆಕ್ಟೋಪಸ್ ಬೇಯಿಸ್ತೀನಿ" ಅಂದೆ.

ಪೋಸ್ಟ್‌ಮಾಸ್ಟರ್ ಇದೇನೋ ಮನೆಯವರ ತಮಾಷೆ ಅಂದುಕೊಂಡು, ತೋರಿಸಿ, ತೋರಿಸಿ ಅಂತ ಹುರಿದುಂಬಿಸಿದರು. ಮಾವ ಮೊದಲನೆಯ ಲೋಟ ಮೂಸಿದರು. ಎರಡನೆಯದನ್ನು ಮೂಸಿದರು. ಮತ್ತೆ ಮೊದಲನೆಯದು. ಆಮೇಲೆ ಅವರು ನಮ್ಮ ಮುಖಗಳನ್ನು ನೋಡಿದರು; ಅತ್ತೆಯದು, ಇವರದು, ನನ್ನದು. ಯಾವ ಮುಖದಲ್ಲಾದರೂ ಉತ್ತರ ಸಿಗುತ್ತದೋ ಅಂತ ಹುಡುಕಿದರು. ನಾನು ಮುಖ ಬಿಗಿಹಿಡಿದಿದ್ದೆ.

"ಇದು" ಅಂದರು.

ನಾನು ಬಟ್ಟೆ ಬಿಚ್ಚಿದೆ. ಇದ್ದಿಲು. ನಲವತ್ತು ವರ್ಷ ಇದ್ದಿಲಿನ ಮುಂದೆ ನಿಂತ ಮನುಷ್ಯ ಅದನ್ನು ಕಾಫಿ ಅಂದಿದ್ದರು. ಪೋಸ್ಟ್‌ಮಾಸ್ಟರ್ ಜೋರಾಗಿ ನಕ್ಕು, ಜೊತೆಗೆ ಯಾರೂ ನಗುತ್ತಿಲ್ಲ ಅಂತ ಗೊತ್ತಾಗಿ ಅರ್ಧಕ್ಕೇ ನಿಲ್ಲಿಸಿದರು. ಮಾವ ಆ ಲೋಟದೊಳಗೆ ಸ್ವಲ್ಪ ಹೊತ್ತು ನೋಡಿದರು. ಏಪ್ರನ್ ಬಿಚ್ಚಿ ಮಡಿಸಿ, ಆಲೂಗಡ್ಡೆಯ ಪಕ್ಕದಲ್ಲಿಟ್ಟು ಮೆಟ್ಟಿಲು ಹತ್ತಿ ಹೋದರು. ಅವರು ಏಪ್ರನ್ ಬಿಚ್ಚುವ ಒಂದು ಕ್ಷಣ ಮೊದಲು ನಾನು ಗೆದ್ದೆ ಅಂತ ಅನ್ನಿಸಿತ್ತು, ಅದು ಇವತ್ತಿಗೂ ನನ್ನನ್ನು ಚುಚ್ಚುತ್ತದೆ.

ಊಟ ನಡೆಯಿತು, ಬರೀ ಚಿಕನ್ನಿನಲ್ಲಿ. ನಾನೇ ಸುಟ್ಟೆ. ಮೇಲೆ ಕರಕಲು, ಮೂಳೆಯ ಹತ್ತಿರ ಹಸಿ. ಪೋಸ್ಟ್‌ಮಾಸ್ಟರ್ ಚೆನ್ನಾಗಿದೆ ಚೆನ್ನಾಗಿದೆ ಅನ್ನುತ್ತ ತಿಂದರು, ಮೂಳೆ ಜೋಡಿಸಲಿಲ್ಲ. ಆಕ್ಟೋಪಸ್ಸುಗಳನ್ನು ಇವರು ಚೀಲಕ್ಕೆ ಹಾಕಿ, ಮೂಗಿಗೆ ಬಟ್ಟೆ ಹಿಡಿದುಕೊಂಡು ಕಸದ ಡಬ್ಬಕ್ಕೆ ಎಸೆದು ಬಂದರು. ಬಂದವರು ನನ್ನ ಕಡೆ ನೋಡಲಿಲ್ಲ.

ಅವತ್ತು ಸಂಜೆ ಪಾತ್ರೆ ತೊಳೆಯುವಾಗ ಅತ್ತೆ ಬಾಯಿಬಿಟ್ಟರು. ಅವರಿಗೆ ಹಾಲು ಹೊತ್ತಿದ ದಿನವೇ ಗೊತ್ತಾಗಿತ್ತು. ಮರುದಿನವೇ ಮಾರುಕಟ್ಟೆಗೆ ಹೋಗಿ, ಇಪ್ಪತ್ತು ವರ್ಷದಿಂದ ನಮಗೆ ಮಾರುವ ಮೀನಿನವಳಿಗೆ ಹೇಳಿಬಂದಿದ್ದರು: ನಮ್ಮವರು ಮೂಸಿದ ಮೇಲೆ ನೀನೂ ಒಂದು ಸಲ ಮೂಸು, ಹಳೆಯದಿದ್ದರೆ ಬೇರೆಯವರು ಹೇಳಿಟ್ಟಿದ್ದಾರೆ ಅಂತ ಎತ್ತಿಟ್ಟುಬಿಡು. ಅಷ್ಟು ದಿನವೂ ಅವಳು ಹಾಗೇ ನಡೆದುಕೊಂಡಿದ್ದಳು. ಆ ದಿನ ಮಾತ್ರ ಅವಳು ಮಗಳ ಹೆರಿಗೆಗೆ ಹೋಗಿದ್ದಳು, ಅಂಗಡಿಯಲ್ಲಿ ಅವಳ ತಮ್ಮ ಕೂತಿದ್ದ.

ನನಗೊಂದು ಮಾತು ಹೇಳಬಹುದಿತ್ತಲ್ಲ ಅಂದೆ. ಮಸಾಲೆ ಸರಿಮಾಡುವಾಗ ನೀನು ನನಗೆ ಹೇಳಿದೆಯಾ ಅಂದರು. ಅದೂ ಅವರಿಗೆ ಗೊತ್ತಿತ್ತು.

"ಹದಿನೆಂಟು ಜನ ಆಸ್ಪತ್ರೆ ಸೇರ್ತಿದ್ರು ಅತ್ತೆ. ನಾನು ಹೇಳಿದ್ದು ಸುಳ್ಳಾ?"

"ಸುಳ್ಳಲ್ಲ" ಅಂದರು ಅತ್ತೆ. "ತೊಟ್ಟಿ ಕೈಜಾರಿ ನೆಲಕ್ಕೆ ಬಿದ್ದಿದ್ರೂ ಹದಿನೆಂಟು ಜನ ಉಳ್ಕೊಳ್ತಿದ್ರು. ನಾನು ಆಲೂಗಡ್ಡೆ ಸುಲೀತಾ ಅದನ್ನೇ ಯೋಚನೆ ಮಾಡ್ತಿದ್ದೆ, ಯಾವ ಕಡೆಯಿಂದ ಹೋಗಿ ಡಿಕ್ಕಿ ಹೊಡೀಲಿ ಅಂತ. ನೀನು ಲೋಟ ತಂದೆ."

ನಾನು ತೊಳೆದ ತಟ್ಟೆಯನ್ನೇ ಮತ್ತೆ ತೊಳೆದೆ.

ಮಗಳದು ಇನ್ನೊಂದು ಥರ. ಶನಿವಾರ ಊಟಕ್ಕೆ ಕೂತಾಗ ಅವಳು, ತಾತನಿಗೆ ವಾಸನೆ ಬರಲ್ಲ ಅಂತ ತನಗೂ ಗೊತ್ತಿತ್ತು ಅಂದಳು. ಜ್ವರ ಬಿಟ್ಟ ಮೇಲೆ ತಾತ ಅವಳ ಜೊತೆ ಒಂದು ಆಟ ಶುರುಮಾಡಿದ್ದರು. ಈಗ ಏನು ವಾಸನೆ ಬರ್ತಿದೆ ಹೇಳು ನೋಡೋಣ ಅಂತ ಕೇಳುವುದು, ಅವಳು ಸೋಪು, ಬೆಳ್ಳುಳ್ಳಿ, ಹೊಗೆ ಅಂತ ಹೇಳುವುದು. ನಾನು ಅದನ್ನು ಎಷ್ಟು ಸಲ ನೋಡಿ, ಮುದ್ದಾಗಿದೆ ಅಂದುಕೊಂಡು ಹೋಗಿದ್ದೆನೋ.

"ಯಾರಿಗೂ ಹೇಳಬೇಡ ಅಂದಿದ್ರು ತಾತ" ಅಂದಳು. "ನಾನು ಹೇಳ್ಲಿಲ್ಲ."

ಎಂಟು ವರ್ಷದ ಮಗು ಹಿಡಿದಿಟ್ಟ ಮಾತು. ನಾನು ತಲೆ ತಗ್ಗಿಸಿ ಬ್ರೆಡ್ ಮುರಿದೆ. ಇವರು ಎದ್ದು ಕೈ ತೊಳೆಯಲು ಹೋದರು. ಮನೆಯಲ್ಲಿ ನಿಜವಾಗಿ ಏನೂ ಗೊತ್ತಿಲ್ಲದೆ ಇದ್ದವರು ಇವರೊಬ್ಬರೇ. ಅದರ ಸಿಟ್ಟನ್ನೆಲ್ಲ ನನ್ನ ಮೇಲೆ ತೀರಿಸುತ್ತಿದ್ದರು. ಎರಡು ವಾರ ನನ್ನ ಜೊತೆ ಮಾತು ಬಿಟ್ಟು, ಏನಿದ್ದರೂ ಮಗಳ ಮೂಲಕ: ನಿಮ್ಮಮ್ಮನಿಗೆ ಹೇಳು ಉಪ್ಪು ಕಮ್ಮಿ, ನಿಮ್ಮಮ್ಮನಿಗೆ ಹೇಳು ಗ್ಯಾಸ್ ಮುಗಿದಿದೆ. ಅದು ಸರಿಯಾದ ಶಿಕ್ಷೆಯೇ ಅನ್ನಿಸಿ ನಾನೂ ಮಗಳ ಮೂಲಕವೇ ಉತ್ತರ ಕೊಡುತ್ತಿದ್ದೆ.

ಮಾವ ಹನ್ನೊಂದು ದಿನ ಕೆಳಗೆ ಇಳಿಯಲಿಲ್ಲ. ಕೋಪ ಮಾಡಿಕೊಂಡಿದ್ದರೆ ಚೆನ್ನಾಗಿತ್ತು. ಕೊಟ್ಟದ್ದನ್ನು ತಿನ್ನುತ್ತಿದ್ದರು, ತಿಂದ ತಟ್ಟೆ ತಾವೇ ತೊಳೆದಿಡುತ್ತಿದ್ದರು. ಅತ್ತೆ ಕೊಟ್ಟ ಬೆಳ್ಳುಳ್ಳಿ ಬಿಡಿಸಿಕೊಡುತ್ತಿದ್ದರು. ಆಕ್ಟೋಪಸ್ಸಿನ ಹೆಸರು ಬೋರ್ಡಿನಿಂದ ಅಳಿಸಬೇಕಾಯಿತು, ಬೇಯಿಸುವ ಧೈರ್ಯ ನನಗಿರಲಿಲ್ಲ. ಚಿಕನ್ ಮಾತ್ರ ದಿನದಿಂದ ದಿನಕ್ಕೆ ಕೈಗೆ ಹತ್ತಿತು. ಕೆಂಡವನ್ನು ಒಂದು ಬದಿಗೆ ತಳ್ಳಿ, ಮೂಳೆಯ ಕಡೆಯನ್ನು ಮೊದಲು ನಿಧಾನ ಬೇಯಿಸಬೇಕು ಅನ್ನುವುದು ಆರನೆಯ ದಿನ ಹೊಳೆಯಿತು. ಅದನ್ನು ಅವರು ಹನ್ನೊಂದು ವರ್ಷ ನನ್ನ ಕಣ್ಣ ಮುಂದೆಯೇ ಮಾಡುತ್ತಿದ್ದರು.

ಒಂಬತ್ತನೆಯ ದಿನ ಟೀ ತೆಗೆದುಕೊಂಡು ಹೋಗಿ ಅವರ ಮುಂದೆ ನಿಂತೆ. ಏನೇನೋ ಜೋಡಿಸಿಕೊಂಡು ಹೋಗಿದ್ದೆ, ಬಂದದ್ದು ಇಷ್ಟೇ:

"ತಪ್ಪಾಯ್ತು ಮಾವ."

"ತಪ್ಪೇನು ಬಂತು" ಅಂದರು. "ಇದ್ದಿದ್ದನ್ನೇ ಹೇಳಿದಿರಿ."

ಹೇಳಿದಿರಿ. ಮನೆಯವರನ್ನೆಲ್ಲ ಸೇರಿಸಿ ಹಾಗಂದರು ಅಂದುಕೊಂಡೆ. ಲೋಟ ಅವರ ಕೈಗೆ ಕೊಟ್ಟು ಇಳಿದುಬಂದೆ.

ಹನ್ನೆರಡನೆಯ ದಿನ ಬೆಳಿಗ್ಗೆ ಅವರು ಬಂದರು. ಗಡ್ಡ ಹೆರೆದಿದ್ದರು, ಏಪ್ರನ್ ಕಟ್ಟಿದ್ದರು. ನನಗೆ ಎಷ್ಟು ಸಂತೋಷವಾಯಿತೆಂದರೆ ಕೈಯಲ್ಲಿದ್ದ ಪೊರಕೆ ಎಲ್ಲಿಟ್ಟೆನೋ ಆಮೇಲೆ ಸಿಗಲಿಲ್ಲ. ಅವರು ಬೋಗುಣಿ ತೆಗೆದುಕೊಂಡು ಮೆಣಸಿನಕಾಯಿ, ಬೆಳ್ಳುಳ್ಳಿ, ಎಣ್ಣೆ, ವಿನೆಗರ್ ಎಲ್ಲ ಹಾಕಿ ಕಲಸಿದರು. ಬಗ್ಗಿ ಮೂಸಲಿಲ್ಲ. ಬೋಗುಣಿಯನ್ನು ಮೇಜಿನ ಅಂಚಿಗೆ ಸರಿಸಿದರು.

"ಸ್ವಲ್ಪ ನೋಡ್ತೀರಾ?" ಅಂದರು.

ನಾನು ಹಿಂದೆ ತಿರುಗಿ ನೋಡಿದೆ. ಯಾರೋ ಗಿರಾಕಿ ಬಂದು ನಿಂತಿದ್ದಾರೆ ಅಂತ. ಯಾರೂ ಇರಲಿಲ್ಲ.

ಬೋಗುಣಿಗೆ ಬೆರಳದ್ದಿ ರುಚಿ ನೋಡಿದೆ. ಹುಳಿ ಸ್ವಲ್ಪ ಮುಂದಿದೆ ಅಂದೆ. "ನೀವು ಹೇಳಿದ ಹಾಗೆ" ಅಂತ ಎಣ್ಣೆ ಬಾಟಲಿ ಕೈಗೆತ್ತಿಕೊಂಡು, ನಾನು ಸಾಕು ಅನ್ನುವವರೆಗೆ ಹಾಕಿದರು. ಅದರಲ್ಲಿ ಕೊಂಕು ಇದ್ದಿದ್ದರೆ ಕಿತ್ತಾಡಬಹುದಿತ್ತು. ಇರಲಿಲ್ಲ. ತಾಳ್ಮೆಯಿಂದ, ಕೆಲಸಕ್ಕೆ ಹೊಸದಾಗಿ ಸೇರಿದವರ ಹಾಗೆ ನಿಂತು ಕೇಳುತ್ತಿದ್ದರು.

ಈಗ ಮೀನಿನವಳು ವಾಪಸ್ಸು ಬಂದಿದ್ದಾಳೆ. ಮಾರುಕಟ್ಟೆಗೆ ನಾವಿಬ್ಬರೂ ಹೋಗುತ್ತೇವೆ. ಅವರು ಕಾಲು ಹಿಡಿದು ಬಿಗಿ ನೋಡುತ್ತಾರೆ, ನಾನು ಮೂಸುತ್ತೇನೆ. ಆಕ್ಟೋಪಸ್ ಬೋರ್ಡಿಗೆ ಮರಳಿದೆ. ಮೂರು ಸಲ ಅದ್ದುವುದನ್ನು ನನಗೆ ಕಲಿಸಿದರು, ಬಿಸಿ ತಾಗೀತು, ಹುಷಾರಾಗಿ ಹಿಡೀರಿ ಅಂತ ಹೇಳಿ ಹೇಳಿ. ಸೋಮವಾರದ ಊಟಕ್ಕೆ ಕಾಲುಗಳ ಲೆಕ್ಕ ಬಂದಾಗ, ನಿಮಗೆ ಇನ್ನೊಂದು ಹಾಕಲಾ ಅಂತ ಕೇಳುತ್ತಾರೆ. ತುದಿ ಕುರುಕುರು ಇರುತ್ತದೆ, ಬುಡ ಬೆಣ್ಣೆ. ನನ್ನ ಪಾಲನ್ನು ಮಗಳ ತಟ್ಟೆಗೆ ಸರಿಸುತ್ತೇನೆ. ಒಂದು ಸೋಮವಾರ ತಡೆಯಲಾಗದೆ, ಮೊದಲಿನ ಹಾಗೆ ನೀನು ಅನ್ನಿ ಮಾವ, ಹುಡುಗಿ ಅನ್ನಿ, ಪಾಸ್‌ಪೋರ್ಟಿನ ಕೋಳಿಯ ಕಥೆ ಹೇಳಿ ನಗಿ ಅಂತ ಅಂಗಲಾಚಿದೆ. ಅವರು ತಟ್ಟೆಯಲ್ಲಿದ್ದ ಆಲೂಗಡ್ಡೆಯನ್ನು ಎರಡು ಮಾಡಿ, "ಇನ್ನು ಅದೆಲ್ಲ ಚೆನ್ನಾಗಿರಲ್ಲ" ಅಂದರು.

ಮೊನ್ನೆ ಗುರುವಾರ ಅಂಗಡಿಗೆ ಹೊಸಬರೊಬ್ಬರು ಬಂದಿದ್ದರು, ಎರಡು ಚಿಕನ್ ಪಾರ್ಸೆಲ್ಲಿಗೆ ಕಾಯುತ್ತಿದ್ದ ಹೆಂಗಸು. ಕೂತು ನಮ್ಮಿಬ್ಬರ ಮಾತು ಕೇಳಿಸಿಕೊಂಡಿದ್ದಾರೆ. ಹೊರಡುವಾಗ ಕೌಂಟರಿನ ಮೇಲೆ ಬಗ್ಗಿ ನನಗೆ ಮಾತ್ರ ಕೇಳಿಸುವ ಹಾಗೆ, "ನಿಮ್ಮ ಮಾವ ಸೊಸೆಗೆ ಎಷ್ಟು ಮರ್ಯಾದೆ ಕೊಟ್ಟು ಮಾತಾಡ್ತಾರೆ ರೀ" ಅಂದರು. "ಪುಣ್ಯ ಮಾಡಿದ್ರಿ ನೀವು."

ಹೌದು ಅಂದೆ. ಪೊಟ್ಟಣ ಕಟ್ಟಿ ಅವರ ಕೈಗಿಟ್ಟೆ. ಹಿಂದಿನಿಂದ, ಕೆಂಡದ ಮುಂದಿನಿಂದ ಮಾವನ ದನಿ ಬಂತು.

"ಮುಂದಿನ ಕೋಳಿ ಕೊಡಿ."